ಸಕ್ಕರೆ ಅಚ್ಚಿನ ದೊಡ್ಡಮ್ಮ

ಹಳೆಯ ಬಾಗಿಲು ಮಳೆಯಲ್ಲಿ ನೆಂದಾಗ ಒಂದು ವಾಸನೆ ಬರುತ್ತದಲ್ಲ, ಅದೇ ವಾಸನೆ. ಜೊತೆಗೆ ಸಣ್ಣಗೆ ಸಿಹಿ. ನಿನ್ನೆ ಬೆಳಿಗ್ಗೆ ಅಟ್ಟದ ಮೇಲಿನ ಗೋಣಿಚೀಲ ಇಳಿಸಿ, ಅದರಲ್ಲಿದ್ದ ಮರದ ಅಚ್ಚುಗಳನ್ನು ಒಂದೊಂದಾಗಿ ಬಕೆಟ್ ನೀರಿಗೆ ಬಿಟ್ಟೆ. ಗಿಳಿ, ಗೋಪುರ, ಆನೆ, ತುಳಸಿಕಟ್ಟೆ... ಅರ್ಧ ಗಂಟೆಗೆಲ್ಲ ಬಚ್ಚಲುಮನೆ ತುಂಬ ಆ ವಾಸನೆ. ನಾನು ಅಲ್ಲೇ ಮಣೆ ಹಾಕಿಕೊಂಡು ಕೂತುಬಿಟ್ಟೆ.

ಅದಕ್ಕೆ ಸ್ವಲ್ಪ ಮುಂಚೆ ನನ್ನ ಓರಗಿತ್ತಿ ಫೋನ್ ಮಾಡಿದ್ದಳು. ಮಾತಿಗೆ ಮಾತು ಬಂದು ಸಂಕ್ರಾಂತಿಗೆ ಎಳ್ಳು ಬೀರುವ ವಿಷಯ ಬಂತು. "ನೀವ್ಯಾಕಕ್ಕ ಈ ಚಳೀಲಿ ಮನೆ ಮನೆ ಅಲೀತೀರಾ, ಯಾರ ಕೈಲಾದ್ರೂ ಕಳ್ಸಿಬಿಡಿ" ಅಂದಳು. ಹಾಸನದ ಚಳಿ ಚಳಿಯೇ, ಇಲ್ಲ ಅನ್ನುವುದಿಲ್ಲ. ಆದರೆ ಅವಳು ಹೇಳಿದ್ದು ಚಳಿಯ ಮಾತಲ್ಲ ಎಂದು ಅವಳಿಗೂ ಗೊತ್ತು, ನನಗೂ ಗೊತ್ತು. ನನ್ನವರು ತೀರಿಕೊಂಡು ಎರಡು ವರ್ಷವಾಯಿತು. ಗಂಡ ಸತ್ತವಳು ಎಳ್ಳಿನ ತಟ್ಟೆ ಹಿಡಿದು ಬೇರೆಯವರ ಹೊಸಿಲ ಮುಂದೆ ನಿಲ್ಲಬಾರದು. ಅದನ್ನು ಬಾಯಿಬಿಟ್ಟು ಹೇಳಲು ಈಗಿನವರಿಗೆ ನಾಚಿಕೆ, ಅದಕ್ಕೇ ಚಳಿಯ ಮೇಲೆ ಹಾಕುತ್ತಾರೆ. ಫೋನ್ ಇಟ್ಟವಳೇ ಅಟ್ಟಕ್ಕೆ ಏಣಿ ಹಾಕಿದ್ದೆ.

ಈ ಅಚ್ಚುಗಳು ಹೊಳೆನರಸೀಪುರದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ದೊಡ್ಡಮ್ಮನವು. ನನಗೆ ಅವರು ಸಂಬಂಧವೇನಲ್ಲ. ಬೀದಿಯವರೆಲ್ಲ ಹಾಗೆ ಕರೆಯುತ್ತಿದ್ದರು, ಅರಕಲಗೂಡಿನಿಂದ ಮದುವೆಯಾಗಿ ಬಂದ ನಾನೂ ಹಾಗೇ ಕರೆದೆ. ಆಗ ಅವರಿಗೆ ಐವತ್ತರ ಆಸುಪಾಸು. ಗಂಡ ಹೋಗಿ ಎಷ್ಟೋ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ರವಿಕೆ ಹೊಲಿದು ಬದುಕುತ್ತಿದ್ದರು. ನಮ್ಮ ಬೀದಿಯ ಹನ್ನೆರಡು ಮನೆಯ ಹೆಂಗಸರೂ ಹಬ್ಬಕ್ಕೆ ತೊಡುತ್ತಿದ್ದುದು ಅವರು ಹೊಲಿದ ರವಿಕೆಯನ್ನೇ. ಡಿಸೆಂಬರ್ ಬಂತೆಂದರೆ ಹನ್ನೆರಡು ಮನೆಯಿಂದಲೂ ಸಕ್ಕರೆ ಡಬ್ಬಗಳು ಅವರ ಮನೆಗೆ ಹೋಗುತ್ತಿದ್ದವು, ಸಂಕ್ರಾಂತಿಯ ಹೊತ್ತಿಗೆ ಗಿಳಿ, ಗೋಪುರಗಳಾಗಿ ವಾಪಸ್ ಬರುತ್ತಿದ್ದವು. ಹಾಲಿನಂಥ ಬಿಳುಪು, ಗಿಳಿಯ ಕೊಕ್ಕು ಕೂಡ ಮುಕ್ಕಾಗಿರುತ್ತಿರಲಿಲ್ಲ.

ಆದರೆ ಹಬ್ಬದ ದಿನ ಅವರು ಬಾಗಿಲು ಹಾಕಿಕೊಂಡು ಒಳಗಿರಬೇಕು. ಹಾಗೆಂದು ಯಾರೂ ಕಟ್ಟಪ್ಪಣೆ ಮಾಡಿರಲಿಲ್ಲ. ರೇಷ್ಮೆ ಸೀರೆ ಉಟ್ಟು ತಟ್ಟೆ ಹಿಡಿದು ಹೊರಟವರು ಅವರಿಗೆ ಎದುರಾದರೆ ಎರಡು ಹೆಜ್ಜೆ ಹಿಂದೆ ಹೋಗಿ ಮತ್ತೆ ಹೊರಡುತ್ತಿದ್ದರು, ಅಷ್ಟೇ. ಅಷ್ಟು ಸಾಕಾಗಿತ್ತು. ಎಲ್ಲ ಮನೆಗೂ ಬೀರಿ ಮುಗಿದ ಮೇಲೆ ತಟ್ಟೆಯಲ್ಲಿ ಉಳಿದ ಎಳ್ಳನ್ನು ಅವರಿಗೂ ಕಳಿಸುತ್ತಿದ್ದರು, ತಾವು ಬಹಳ ಒಳ್ಳೆಯವರು ಅನ್ನುವ ಹಾಗೆ.

ನನ್ನ ಮದುವೆಯಾದ ವರ್ಷ, ನಾನು ಪಾಠ ಮಾಡುತ್ತಿದ್ದ ಶಾಲೆಗೆ ಕ್ರಿಸ್‌ಮಸ್ ರಜೆ ಕೊಟ್ಟ ದಿನ, ನಮ್ಮತ್ತೆ ಸಕ್ಕರೆ ಡಬ್ಬ ಹಿಡಿದು ಪಕ್ಕದ ಮನೆಗೆ ಹೋದರು. ಹೋದಷ್ಟೇ ಬೇಗ ಡಬ್ಬದ ಸಮೇತ ವಾಪಸ್ ಬಂದರು. ಹಿಂದೆಯೇ ದೊಡ್ಡಮ್ಮ ಹೊರಬಂದು, ನಲ್ಲಿ ಹತ್ತಿರ ಕೊಡ ಇಟ್ಟುಕೊಂಡು ನಿಂತಿದ್ದ ಐದಾರು ಜನರಿಗೂ ಕೇಳುವ ಹಾಗೆ ಹೇಳಿದರು:

"ಈ ಸಲ ಯಾರ ಸಕ್ಕರೇನೂ ಬ್ಯಾಡ. ನನ್ನ ಸಕ್ಕರೇಲೇ ಮಾಡ್ತೀನಿ. ಅಬ್ಬದ ದಿನ ನಾನೇ ತಟ್ಟೆ ಇಡ್ಕೊಂಡು ಬತ್ತೀನಿ. ಬಾಗ್ಲು ತೆಗೆದೋರಿಗೆ ಅಚ್ಚು, ತೆಗೀದೋರ್ಗೆ ಇಲ್ಲ."

ಅವತ್ತೇ ಅವರಿಗೆ ಹಾಗೆ ಅನ್ನಿಸಿದ್ದು ಯಾಕೆಂದು ಇವತ್ತಿಗೂ ನನಗೆ ಗೊತ್ತಿಲ್ಲ... ಒಂದು ದಿನ ಸಾಕಾಗಿರುತ್ತದೆ, ಅಷ್ಟೇ.

ನಮ್ಮತ್ತೆಗೆ ಮೈಯೆಲ್ಲ ಉರಿದುಹೋಯಿತು. ಹೊಸ ಸೊಸೆಯ ಮೊದಲ ಸಂಕ್ರಾಂತಿ. ಎಳ್ಳಿನ ಜೊತೆ ನಾನು ಬಾಳೆಹಣ್ಣನ್ನೂ ಬೀರಬೇಕು. ಬೀದಿಯವರ ಕಣ್ಣೆಲ್ಲ ನಮ್ಮ ತಟ್ಟೆಯ ಮೇಲೆ. ಅದರಲ್ಲಿ ಅಚ್ಚಿಲ್ಲದಿದ್ದರೆ ಮಾನ ಎಲ್ಲಿ ಉಳಿಯುತ್ತದೆ? "ಸಕ್ಕರೆ ಕಾಯ್ಸೋದು ಏನ್ ಮಾ ವಿದ್ಯೇನಾ" ಅಂದವರೇ ಚನ್ನರಾಯಪಟ್ಟಣದ ತಮ್ಮ ತಂಗಿಯ ಮನೆಯಿಂದ ಮರದ ಅಚ್ಚುಗಳನ್ನು ತರಿಸಿದರು.

ನನ್ನ ರಜೆ ಹೋದದ್ದೇ ಹಾಗೆ. ಶೆಟ್ಟಿಹಳ್ಳಿಯ ಚರ್ಚು ನೀರಿನಲ್ಲಿ ನಿಂತಿರುವುದನ್ನು ತೋರಿಸುತ್ತೇನೆಂದು ನನ್ನವರು ಮಾತು ಕೊಟ್ಟಿದ್ದರು. ಚರ್ಚು ಅಲ್ಲೇ ಉಳಿಯಿತು, ನಾವಿಬ್ಬರೂ ಪಾಕದಲ್ಲಿ ಮುಳುಗಿದೆವು. ಮೊದಲ ದಿನ ಅತ್ತೆ ಒಣಗಿದ ಅಚ್ಚಿಗೇ ಪಾಕ ಸುರಿದರು. ಸಕ್ಕರೆ ಮರಕ್ಕೆ ಕಚ್ಚಿಕೊಂಡಿತು. ಚಾಕು ಹಾಕಿ ಮೀಟಿದರೆ ಗಿಳಿಯ ತಲೆ ಒಂದು ಕಡೆ, ಬಾಲ ಒಂದು ಕಡೆ. ಎರಡನೆಯ ದಿನ ಇದ್ದ ಪಾಕವನ್ನೆಲ್ಲ ಒಂದೇ ಸಲ ಕಾಯಿಸಿದರು. ಎರಡು ಅಚ್ಚು ತುಂಬುವುದರೊಳಗೆ ಉಳಿದದ್ದು ಬಾಣಲೆಯಲ್ಲೇ ಕಲ್ಲಾಯಿತು. ಮೂರನೆಯ ದಿನ ಎಲ್ಲ ಸರಿಯಾಗಿದೆ ಅಂದುಕೊಂಡು ಒಣಗಲು ಇಟ್ಟರೆ ಇರುವೆಗಳು ನಮಗಿಂತ ಮುಂಚೆ ಹಬ್ಬ ಮಾಡಿದವು. ಕೊನೆಗೆ ನನ್ನವರನ್ನು ಹಾಸನದ ಅಂಗಡಿಗೆ ಅಟ್ಟಿದ್ದಾಯಿತು. ತುಂಬಿದ ಬಸ್ಸಿನಲ್ಲಿ ನಿಂತುಕೊಂಡು ಅವರು ತಂದ ಅಚ್ಚುಗಳು ಮನೆ ಮುಟ್ಟುವ ಹೊತ್ತಿಗೆ ಮತ್ತೆ ಸಕ್ಕರೆಯೇ ಆಗಿದ್ದವು. ಉಳಿದ ಹನ್ನೊಂದು ಮನೆಯ ಕತೆಯೂ ಹೆಚ್ಚುಕಮ್ಮಿ ಇದೇ. ಇಡೀ ಬೀದಿ ಅವರೆಕಾಯಿಯ ಸೊಗಡಿನ ಬದಲು ಸೀದ ಸಕ್ಕರೆ ನಾರುತ್ತಿತ್ತು.

ನಾಲ್ಕನೆಯ ದಿನ ನಾನು ಹಿತ್ತಲ ಗೋಡೆಯ ಹತ್ತಿರ ಅವರೆಕಾಯಿ ಸುಲಿಯುತ್ತ ಕೂತಿದ್ದೆ. ಗೋಡೆಯಾಚೆಯಿಂದ ದೊಡ್ಡಮ್ಮ, "ಟೀಚರಮ್ಮ, ನಿಮ್ಮನೇಲಿ ಅಚ್ಚು ನೆನೆ ಆಕಾಕಿಲ್ವಾ?" ಅಂದರು. ನಾನು ಪೆಚ್ಚಾಗಿ ನಕ್ಕೆ. ಒಳಗೆ ಬರುವಂತೆ ಕರೆದರು. ಅತ್ತೆ ಮಧ್ಯಾಹ್ನದ ನಿದ್ದೆಯಲ್ಲಿದ್ದರು, ಹೋದೆ.

ಅಚ್ಚುಗಳನ್ನು ರಾತ್ರಿಯೇ ನೀರಿನಲ್ಲಿ ಮುಳುಗಿಸಬೇಕು, ಎರಡು ಹೋಳನ್ನು ಜೋಡಿಸಿ ದಾರ ಬಿಗಿದು ಒದ್ದೆ ಬಟ್ಟೆಯ ಮೇಲೆ ನಿಲ್ಲಿಸಬೇಕು. ಸಕ್ಕರೆ ಕುದಿಯುವಾಗ ಹಾಲು ಬಿಟ್ಟರೆ ಕೊಳೆ ಮೇಲೆ ಬರುತ್ತದೆ, ಅದನ್ನು ತೆಗೆದು ಸೋಸಬೇಕು. ಆಮೇಲೆ ಒಂದೊಂದೇ ಸೌಟು ಪಾಕವನ್ನು ಬೇರೆ ಬಾಣಲೆಯಲ್ಲಿ ಕಾಯಿಸಿ, ನಿಂಬೆರಸ ಹಿಂಡಿ, ಇಳಿಸಿ ತಿರುವಬೇಕು; ಅಂಚು ಬೆಳ್ಳಗಾಯಿತೋ, ಆ ಗಳಿಗೆಯಲ್ಲೇ ಸುರಿಯಬೇಕು. ಒಂದು ಕ್ಷಣ ಮುಂಚೆಯೂ ಇಲ್ಲ, ಆಮೇಲೂ ಇಲ್ಲ. ಅವರು ಹೇಳಿಕೊಡುತ್ತಿದ್ದ ರೀತಿ ನೋಡಿದರೆ ನಾನು ಮಕ್ಕಳಿಗೆ ಮಗ್ಗಿ ಕಲಿಸುತ್ತಿದ್ದುದು ಏನೇನೂ ಅಲ್ಲ ಅನ್ನಿಸುತ್ತಿತ್ತು. ಬೈಯುತ್ತಿದ್ದರು, ಕೈ ಮೇಲೆ ಹೊಡೆಯುತ್ತಿದ್ದರು, ಮತ್ತೆ ಮಾಡಿಸುತ್ತಿದ್ದರು. ರಜೆ ಮುಗಿಯಲು ಎರಡು ದಿನ ಇದ್ದಾಗ ನನ್ನ ಕೈಯಿಂದ ಮೊದಲ ಗಿಳಿ ಇಡಿಯಾಗಿ ಬಂತು. ಕೊಕ್ಕು, ರೆಕ್ಕೆಯ ಗೆರೆ, ಎಲ್ಲ. ಬಿ.ಎಡ್. ಪಾಸಾದಾಗಲೂ ನನಗೆ ಅಷ್ಟು ಸಂತೋಷವಾಗಿರಲಿಲ್ಲ.

ಆಮೇಲೆ ಒಂದು ಯೋಚನೆ ಬಂತು. ನಾನು ಕಲಿತರೆ ನಮ್ಮ ಮನೆಗೆ ಇವರ ಅಚ್ಚಿನ ಅಗತ್ಯವೇ ಇಲ್ಲವಲ್ಲ. ಅಗತ್ಯ ಇಲ್ಲದಿದ್ದರೆ ನಮ್ಮತ್ತೆ ಬಾಗಿಲು ಯಾಕೆ ತೆಗೆಯುತ್ತಾರೆ? ಅದನ್ನೇ ತೊದಲುತ್ತ ಕೇಳಿದೆ. ದೊಡ್ಡಮ್ಮ ಬಾಣಲೆ ಉಜ್ಜುತ್ತಿದ್ದವರು ತಲೆ ಎತ್ತಲಿಲ್ಲ.

"ನಂಗೂ ಮೊದಮೊದ್ಲು ಅಂಗೇ ಅನ್ಸಿತ್ತು ಕಣವ್ವ. ಆಮ್ಯಾಕೆ ಯೋಚ್ನೆ ಮಾಡ್ದೆ. ಅಚ್ಚಿನ ಆಸೇಗೆ ಬಾಗ್ಲು ತೆಗೆದ್ರೆ, ಅದು ನಂಗೆ ತೆಗೆದಂಗಾ? ನೀನು ಕಲ್ತ್ಕೋ. ನಾನು ಎಂಗೂ ಬತ್ತೀನಿ."

ಇಲ್ಲಿಂದ ಮುಂದಿನದನ್ನು ಬರೆಯಲು ನನಗೆ ಇಷ್ಟವಿಲ್ಲ, ಆದರೂ ಬರೆಯುತ್ತೇನೆ. ಮನೆಗೆ ಬಂದು ಗಿಳಿ ತೋರಿಸಿದಾಗ ಅತ್ತೆ ಹಿರಿಹಿರಿ ಹಿಗ್ಗಿದರು. ಯಾರು ಹೇಳಿಕೊಟ್ಟರು ಎಂದು ಕೇಳಿದ್ದಕ್ಕೆ, ಅರಕಲಗೂಡಿನಲ್ಲಿ ಅಮ್ಮ ಮಾಡುತ್ತಿದ್ದುದು ನೆನಪಾಯಿತು ಅಂದೆ. ಎಷ್ಟು ಸಲೀಸಾಗಿ ಬಂತು ಆ ಸುಳ್ಳು! ಸೊಸೆಯ ಕೈಗುಣ ಬೀದಿಯೆಲ್ಲ ಡಂಗುರವಾಯಿತು. ಮಾರನೆಯ ದಿನದಿಂದ ಹತ್ತು ಮನೆಯ ಸಕ್ಕರೆ ಡಬ್ಬಗಳು ನಮ್ಮ ಅಡುಗೆಮನೆಗೆ ಬಂದವು. ಶಾಲೆಯಿಂದ ಬಂದು ಸೀರೆ ಸೆರಗು ಸಿಕ್ಕಿಸಿ ಎಲ್ಲರಿಗೂ ಮಾಡಿಕೊಟ್ಟೆ. ಬೀದಿಯ ತುದಿಯ ಪೋಸ್ಟ್‌ಮ್ಯಾನ್ ಮನೆಯಿಂದ ಮಾತ್ರ ಸಕ್ಕರೆ ಬರಲಿಲ್ಲ.

ಸಂಕ್ರಾಂತಿಯ ದಿನ ನಾಲ್ಕು ಗಂಟೆಗೆ, ಬೇರೆ ಯಾರೂ ಹೊರಡುವ ಮುಂಚೆ, ದೊಡ್ಡಮ್ಮ ಹೊರಟರು. ಕಿಟಕಿಯ ಸಂದಿಯಿಂದ ನೋಡಿದೆ. ಕೆಂಗಂದು ಬಣ್ಣದ ರೇಷ್ಮೆ ಸೀರೆ, ಮುಡಿಯಲ್ಲಿ ಹೂವಿಲ್ಲ, ಆದರೆ ತಲೆ ಎತ್ತಿಯೇ ಇತ್ತು. ಹಿತ್ತಾಳೆ ತಟ್ಟೆಯಲ್ಲಿ ಎಳ್ಳು, ಕಬ್ಬಿನ ತುಂಡು, ಅಚ್ಚುಗಳು. ಮೊದಲು ಬಂದದ್ದು ನಮ್ಮ ಮನೆಗೇ.

ಬಾಗಿಲು ತಟ್ಟಿದರು. ಅತ್ತೆ ನಡುಮನೆಯಲ್ಲಿ ನಿಂತು, ಬೇಡ ಎಂದು ಕೈಸನ್ನೆ ಮಾಡಿದರು. ನಾನು ಬಾಗಿಲ ಹತ್ತಿರವೇ ಇದ್ದೆ. ಚಿಲಕದ ಮೇಲೆ ಕೈ ಇಟ್ಟೆ. ತಣ್ಣಗಿತ್ತು. ಇನ್ನೊಂದು ಸಲ ತಟ್ಟಿದರು. ನಾನು ಹಾಗೇ ನಿಂತಿದ್ದೆ... ಚಿಲಕ ತೆಗೆಯಲಿಲ್ಲ. ಆಚೆ ಅವರ ಉಸಿರು, ಈಚೆ ನನ್ನದು, ನಡುವೆ ಒಂದಂಗುಲ ಮರ.

"ಆಗ್ಲಿ, ಮುಂದಿನ್ ವರ್ಸ ಬತ್ತೀನಿ" ಅಂದರು. ದನಿಯಲ್ಲಿ ಅಳುವಿರಲಿಲ್ಲ. ಬಸ್ಸು ತಪ್ಪಿದವರು ಮುಂದಿನದಕ್ಕೆ ಹೋದರಾಯಿತು ಅನ್ನುವಂತಿತ್ತು. ಹನ್ನೆರಡು ಮನೆಯ ಬಾಗಿಲೂ ತಟ್ಟಿದರು. ತೆರೆದದ್ದು ಪೋಸ್ಟ್‌ಮ್ಯಾನ್ ಮನೆಯ ಬಾಗಿಲೊಂದೇ.

ಮಾರನೆಯ ದಿನ ನಲ್ಲಿ ಹತ್ತಿರ ಅವರ ಮುಖ ನೋಡಲಾರದೆ ಕೊಡದ ಬಾಯಿಯನ್ನೇ ನೋಡುತ್ತಿದ್ದೆ. ಅವರೇ ಹತ್ತಿರ ಬಂದು, "ಅನ್ನೆರಡಕ್ಕೆ ಒಂದು ಮಾರ್ಕು ಬಂತು ಟೀಚರಮ್ಮ, ಸೊನ್ನೆಗಿಂತ ವಾಸಿ ಅಲ್ವಾ?" ಅಂದು ನಕ್ಕರು. ನನ್ನ ಸುಳ್ಳು ಅವರ ಕಿವಿಗೂ ಬಿದ್ದಿತ್ತೆಂದು ನನಗೆ ಗೊತ್ತಿತ್ತು. ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು.

ಮುಂದಿನ ವರ್ಷ, ಹಬ್ಬಕ್ಕೆ ವಾರವಿದ್ದಾಗ, ಬೀದಿಯ ಸಕ್ಕರೆ ಡಬ್ಬಗಳನ್ನು ನಾನು ಒಂದೊಂದಾಗಿ ಅವರವರ ಮನೆಗೆ ವಾಪಸ್ ಕೊಟ್ಟು ಬಂದೆ. ನನಗೆ ಕಲಿಸಿದವರು ಯಾರೆಂದು ಪ್ರತಿ ಮನೆಯಲ್ಲೂ ಹೇಳಿದೆ. ಅತ್ತೆಗೆ ಮೊದಲೇ ಹೇಳಿದ್ದೆ. ಎರಡು ದಿನ ಮಾತು ಬಿಟ್ಟರು. ಸಂಕ್ರಾಂತಿಯ ದಿನ ನಾಲ್ಕು ಗಂಟೆಗೆ ದೊಡ್ಡಮ್ಮ ಬಾಗಿಲು ತಟ್ಟಬೇಕಾಗಲಿಲ್ಲ. ನಾನು ಮೂರೂಮುಕ್ಕಾಲಿಗೇ ಎರಡೂ ಬಾಗಿಲು ತೆರೆದಿಟ್ಟು ಹೊಸಿಲಲ್ಲಿ ನಿಂತಿದ್ದೆ. ಎಳ್ಳು ಕೊಟ್ಟು, ಸೆರಗಿನಲ್ಲಿ ಅಚ್ಚು ಹಾಕಿದರು. ನಾನು ಕಾಲಿಗೆ ಬಿದ್ದೆ. ಅಷ್ಟರಲ್ಲಿ ಹಿಂದಿನಿಂದ ಅತ್ತೆ ಬಂದರು. ನನ್ನ ಸೆರಗಿನಿಂದ ಒಂದು ಗೋಪುರ ಎತ್ತಿಕೊಂಡು ಬೆಳಕಿಗೆ ಹಿಡಿದು ಅತ್ತ ಇತ್ತ ತಿರುಗಿಸಿದರು.

"ಓದ್ ಸಲ ನಮ್ಮುಡ್ಗಿ ಮಾಡಿದ್ದು ಇದ್ಕಿಂತ ಬೆಳ್ಳಗಿತ್ತು" ಅಂದರು.

"ಏಳ್ಕೊಟ್ಟೋಳು ಗಟ್ಟಿಗಿತ್ತಿ, ಅದ್ಕೆ" ಅಂದರು ದೊಡ್ಡಮ್ಮ.

ಅತ್ತೆ ಗೋಪುರದ ತುದಿ ಮುರಿದು ಬಾಯಿಗೆ ಹಾಕಿಕೊಂಡರು. ಆ ವರ್ಷ ಐದು ಬಾಗಿಲು ತೆರೆದವು. ಅದರ ಮುಂದಿನ ವರ್ಷ ಎಂಟು. ಹನ್ನೆರಡಕ್ಕೆ ಹನ್ನೆರಡು ಯಾವತ್ತೂ ಆಗಲಿಲ್ಲ. ಆಗದ ಮನೆಗಳಿಗೂ ಪ್ರತಿ ವರ್ಷ ಹೋಗಿ ತಟ್ಟುತ್ತಿದ್ದರು.

ನನ್ನವರಿಗೆ ಹಾಸನಕ್ಕೆ ವರ್ಗವಾದಾಗ ದೊಡ್ಡಮ್ಮ ಈ ಗೋಣಿಚೀಲವನ್ನು ತಂದು ಲಾರಿಗೆ ಏರಿಸಿದರು. ಕಣ್ಣು ಮಂಜಾಗಿದೆ, ಪಾಕದ ಅಂಚು ಕಾಣುವುದಿಲ್ಲ ಅಂದರು. ಆಗಾಗ ಬಂದು ನೋಡುತ್ತೇನೆ ಅಂದೆ. ಬಸ್ಸಿಗೆ ಒಂದು ಗಂಟೆಯ ದಾರಿ, ಆದರೂ ನಾನು ಹೋದದ್ದು ಎರಡೇ ಸಲ. ಅವರು ತೀರಿಕೊಂಡ ಸುದ್ದಿ ನನಗೆ ತಲುಪಿದಾಗ ತಿಥಿಯೂ ಮುಗಿದಿತ್ತು. ಅದು ನನ್ನ ತಪ್ಪೇ, ಬೇರೆ ಯಾರ ತಲೆಗೂ ಕಟ್ಟುವಂತಿಲ್ಲ. ಈಗ ಆ ಮನೆಯ ಜಾಗದಲ್ಲಿ ಮೊಬೈಲ್ ಅಂಗಡಿಯಿದೆಯಂತೆ...

ಇವತ್ತು ಬೆಳಿಗ್ಗೆ ಇಪ್ಪತ್ತೆರಡು ಅಚ್ಚು ತೆಗೆದೆ. ಒಂದು ಗಿಳಿಯ ಕೊಕ್ಕು ಮುರಿಯಿತು, ಅದನ್ನು ಕಾಫಿಗೆ ಹಾಕಿಕೊಂಡೆ. ಓರಗಿತ್ತಿಗೆ ನಾನೇ ಫೋನ್ ಮಾಡಿ, ಸಂಕ್ರಾಂತಿಯ ದಿನ ನಾಲ್ಕು ಗಂಟೆಗೆ ನಿನ್ನ ಮನೆಗೇ ಮೊದಲು ಬರುತ್ತೇನೆ ಎಂದು ಹೇಳಿದೆ. "ಚಳಿ ಅಕ್ಕ" ಅಂದಳು. ಶಾಲು ಹೊದ್ದುಕೊಂಡು ಬರುತ್ತೇನೆ ಅಂದೆ.

ಬಾಗಿಲು ತೆಗೆಯುತ್ತಾಳೋ ಇಲ್ಲವೋ ಗೊತ್ತಿಲ್ಲ. ತೆಗೆಯದಿದ್ದರೆ ದೊಡ್ಡಮ್ಮನ ಹಾಗೆ ಎರಡು ಸಲ ತಟ್ಟಿ ಹೊರಟುಬಿಡುವುದಿಲ್ಲ ನಾನು. ಮುಚ್ಚಿದ ಬಾಗಿಲ ಹಿಂದೆ ಒಬ್ಬಳು ಚಿಲಕದ ಮೇಲೆ ಕೈ ಇಟ್ಟುಕೊಂಡು ನಿಂತಿರಬಹುದು ಎಂದು ಅವರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತು. ಮೂರನೆಯ ಸಲವೂ ತಟ್ಟುತ್ತೇನೆ.