ಹೊಲಿಗೆ ಯಂತ್ರದ ಮನೆತನ

ಅಳಿಯ ಕಾರ್ಖಾನೆಗೆ ಕಾಲಿಟ್ಟ ಮೊದಲ ದಿನವೇ ಒಂದು ಹೊಲಿಗೆ ಯಂತ್ರವನ್ನು ತುಳಿದು ನೋಡಲು ಹೋಗಿ, ತನ್ನ ಅಂಗಿಯ ಅಂಚನ್ನು ಯಾರದೋ ಕಿಟಕಿ ಪರದೆಗೆ ಸೇರಿಸಿ ಹೊಲಿದುಕೊಂಡ. ಎದ್ದು ನಡೆದರೆ ಪರದೆಯೂ ಹೊಸ ಹೆಂಡತಿಯ ಹಾಗೆ ಹಿಂದೆ ಹಿಂದೆಯೇ ಬಂತು.

“ನನ್ನ ಮಗಳನ್ನ ಕಟ್ಕೊಂಡಿದ್ದು ಸಾಲ್ದಾ ಅಳಿಯಂದ್ರೇ?” ಎನ್ನುತ್ತ ಅತ್ತೆ ಕತ್ತರಿ ತಂದರು.

ಅತ್ತೆ ಅಲ್ಲಿನ ರಿಪೇರಿಯವರು. ಯಂತ್ರ ಕೆಮ್ಮಿದರೆ ಸಾಕು, ರೋಗ ಹೇಳುತ್ತಿದ್ದರು. ಬಾಯಿಯೂ ಕೈಯಷ್ಟೇ ಚುರುಕು. ಈಗ ಕೆಲಸ ಬಿಟ್ಟು ಬೀದಿಯ ತಿರುವಿನಲ್ಲಿ ಸ್ವಂತ ಅಂಗಡಿ ಇಡುವ ಆಸೆ. ಯಜಮಾನರು ಮಾತ್ರ “ನಿಮ್ಮ ತಲೇಲಿರೋದನ್ನೆಲ್ಲ ಕಂಪ್ಯೂಟರಿಗೆ ಇಳಿಸಿ, ಆಮೇಲೆ ಹೋಗಿ” ಎಂದು ಪಟ್ಟು ಹಿಡಿದಿದ್ದರು. ಇಳಿಸುವ ಹೊಣೆ ಕಂಪ್ಯೂಟರ್ ಕೆಲಸ ಬಲ್ಲ ಅಳಿಯನ ಹೆಗಲೇರಿತ್ತು.

“ಹೇಗೆ ಕಂಡುಹಿಡೀತೀರಿ ಅತ್ತೆ?” ಎಂದರೆ, “ನೋಡಿದ್ರೆ ಗೊತ್ತಾಗತ್ತೆ” ಎಂಬುದೊಂದೇ ಉತ್ತರ. ಇದನ್ನು ಕಂಪ್ಯೂಟರಿಗೆ ಹೇಳಿದರೆ ಅದೇನು ನೋಡೀತು? ಕೊನೆಗೆ ಅಳಿಯ ಹಿಂದೆ ಆಸ್ಪತ್ರೆಯೊಂದಕ್ಕೆ ಮಾಡಿಕೊಟ್ಟಿದ್ದ ರೋಗಪತ್ತೆಯ ಮಾದರಿಯನ್ನೇ ಹೊರತೆಗೆದ. ದೂರು, ಗುಮಾನಿ, ಪರೀಕ್ಷೆ, ತೀರ್ಮಾನ. ಖಾಲಿ ಜಾಗಗಳಿಗೆ ಅತ್ತೆಯ ಉತ್ತರ ತುಂಬಿದರಾಯಿತು. ಆತುರದಲ್ಲಿ ರೋಗಿಗಳ ಪ್ರಶ್ನೆಗಳನ್ನು ಬದಲಿಸುವುದೇ ಮರೆತುಹೋಯಿತು.

“ಮನೆತನದಲ್ಲಿ ಬೇರೆ ಯಾರಿಗಾದರೂ ಈ ತೊಂದರೆ ಇದೆಯೇ?” ಎಂದು ಓದಿ ನಾಲಿಗೆ ಕಚ್ಚಿಕೊಂಡ.

ಅತ್ತೆ ನಗಲಿಲ್ಲ, ಮುಂದೆ ಬಿಚ್ಚಿಟ್ಟಿದ್ದ ಯಂತ್ರದ ಮೇಲೆ ಕೈಯಿಟ್ಟರು. “ಇಲ್ದೆ ಏನು? ಕಿಟಕಿ ಪಕ್ಕದ್ದು ಇದರ ಅಕ್ಕ. ಎರಡೂ ಒಟ್ಟಿಗೆ ಬಂದಿದ್ದು. ಅದಕ್ಕೂ ದಾರ ಹರಿಯೋ ಚಾಳಿ. ಅಲ್ಲಾ, ಇದನ್ನ ನಾನೇ ಯೋಚ್ನೆ ಮಾಡಿರ್ಲಿಲ್ಲ ನೋಡಿ!”

“ಕೊನೆಯದಾಗಿ ತಿಂದದ್ದೇನು?”

“ಎಣ್ಣೆ. ಆದ್ರೆ ತಿನ್ನಿಸಿದ್ದು ಯಾರು ಅಂತ ಕೇಳಿ. ಕೊನೇಲಿ ಕೈ ಹಾಕಿದೋರಿಗೆ ಹೊಲಿಗೆ ಬರಲ್ಲ ಅಂದ್ರೆ ಮೊದ್ಲು ಸೂಜಿ ನೋಡ್ಬೇಕು.”

ಅಳಿಯ ಒಂದು ಪ್ರಶ್ನೆಯನ್ನೂ ಅಳಿಸಲಿಲ್ಲ.

ಪರೀಕ್ಷೆಯ ದಿನ ಯಜಮಾನರು ಗುಟ್ಟಾಗಿ ಒಂದು ಯಂತ್ರ ಕೆಡಿಸಿ, ಏನೂ ಅರಿಯದವರಂತೆ ಕಂಪ್ಯೂಟರಿನ ಮುಂದೆ ಕುಳಿತರು. ಕಂಪ್ಯೂಟರು ಎಡವಿದರೆ ಅತ್ತೆಯ ಅಂಗಡಿ ತೆರೆಯುವ ಮೊದಲೇ ಮುಚ್ಚಿದಂತೆ. ‘ದಾರ ಹರಿಯುತ್ತಿದೆ’ ಎಂದು ಯಜಮಾನರು ದೂರು ಕೊಟ್ಟರು.

“ಕೊನೆಗೆ ಕೈ ಹಾಕಿದವರು ಯಾರು?” ಕಂಪ್ಯೂಟರಿನ ಪ್ರಶ್ನೆಯನ್ನು ಅಳಿಯ ಬೇಕೆಂದೇ ಗಟ್ಟಿಯಾಗಿ ಓದಿದ.

ಯಜಮಾನರು ಗಂಟಲು ಸರಿಮಾಡಿಕೊಂಡರು. “ನಾನೇ ಅಂತ ಹಾಕಪ್ಪ.”

“ಹೊಲಿಗೆ ಬರುತ್ತದೆಯೇ?”

ಸುತ್ತಲಿನ ಯಂತ್ರಗಳೆಲ್ಲ ಒಮ್ಮೆಲೇ ನಿಂತವು. “...ಇಲ್ಲ.”

“ಸೂಜಿ ಹಿಂದುಮುಂದಾಗಿದೆ.” ಕಂಪ್ಯೂಟರಿನ ತೀರ್ಮಾನವನ್ನೂ ಅಳಿಯ ಗಟ್ಟಿಯಾಗಿಯೇ ಓದಿದ.

ಹೌದು, ಆಗಿತ್ತು. ಯಜಮಾನರು ಮುಖ ಒರೆಸಿಕೊಂಡು ಕಡೆಯ ಅಸ್ತ್ರ ಬಿಟ್ಟರು. “ಅದೆಲ್ಲ ಸರಿ ಕಣಮ್ಮ. ನಾಳೆ ಇದು ತಪ್ಪು ಹೇಳಿದ್ರೆ ನಾನು ಯಾರನ್ನ ಬೈಲಿ?”

ಅತ್ತೆ ಸ್ಪ್ಯಾನರುಗಳನ್ನು ಚೀಲಕ್ಕೆ ಹಾಕಿಕೊಳ್ಳುತ್ತ ಹೇಳಿದರು: “ಅಳಿಯಂದಿರನ್ನ ಇಲ್ಲೇ ಬಿಟ್ಟು ಹೋಗ್ತಿದೀನಲ್ಲ.”