ಐದು ಅಂಗುಲದ ಹೆಂಡತಿ

ಸರ್... ಸರ್... ಸರ್... ಮರಳುಕಾಗದದಿಂದ ಮರ ಉಜ್ಜುವ ಸದ್ದು. ನಂಜನಗೂಡಿನ ನಮ್ಮ ಮನೆಯ ಗೋಡೆಯಾಚೆಯಿಂದ ಮಧ್ಯಾಹ್ನವೆಲ್ಲ ಕೇಳುತ್ತಿತ್ತು. ಪಕ್ಕದ ಮನೆಯ ಓವರ್ಸಿಯರ್ ತಾತನ ಎಡಗೈ ಹೆಬ್ಬೆರಳಿನ ಉಗುರಿಗೆ ಸದಾ ಬಣ್ಣ. ಅಳಿಲುಬಾಲದ ಬ್ರಷ್ಷನ್ನು ಮೊದಲು ಆ ಉಗುರಿನ ಮೇಲೆ ಒತ್ತಿ ನೋಡಿ, ಆಮೇಲೆ ಗೊಂಬೆಗೆ ಹಚ್ಚುತ್ತಿದ್ದರು.

ಸರ್ಕಾರದ ನಾಲೆಗಳನ್ನು ಅಳೆದು ರಿಟೈರಾದವರು. ಮನೆಯಲ್ಲೂ ಅಳತೆ ಬಿಡಲಿಲ್ಲ. ಎತ್ತಿನ ಗಾಡಿ, ಕಪಿಲೆಯ ಸೋಪಾನ, ರೈಲ್ವೆ ಬ್ರಿಡ್ಜು, ಏನು ಮಾಡಿದರೂ ಒಂದೇ ಸ್ಕೇಲು: ಅಡಿಗೆ ಒಂದಂಗುಲ.

"ಏನ್ರೀ ಓವರ್ಸಿಯರ್ರೇ, ಈ ವಯಸ್ಸಲ್ಲಿ ಗೊಂಬೆ ಆಡ್ತೀರಾ?" ಎಂದು ನಮ್ಮಜ್ಜಿ ರೇಗಿಸುತ್ತಿದ್ದರು.

"ಆಡಲ್ಲ ಕಣವ್ವ, ಕಟ್ತೀನಿ."

ಅವರ ಹೆಂಡತಿಯ ತವರು ನರಸೀಪುರ. ತವರಿಗೆ ಹೋದಾಕೆ ಅಲ್ಲೇ ಪ್ಲೇಗಿಗೆ ತುತ್ತಾದಳು. ಹೆಮ್ಮಿಗೆಯ ಹತ್ತಿರ ನಾಲೆಯ ಕೆಲಸದಲ್ಲಿದ್ದ ತಾತ ಸುದ್ದಿ ತಿಳಿದು ಓಡಿಹೋಗುವಷ್ಟರಲ್ಲಿ ದಹನವಾಗಿತ್ತು. ಸೀರೆ, ಟ್ರಂಕು ಎಲ್ಲ ಸುಟ್ಟಿದ್ದರು. ಬಿಸಿಲು ಬಿದ್ದು ಸೋಂಕು ಸಾಯಲೆಂದು ಮನೆಯ ಹೆಂಚನ್ನೂ ಇಳಿಸಿದ್ದರು. ಅವಳದೊಂದು ಫೋಟೋ ಸಹ ಇರಲಿಲ್ಲ. ತಾತ ಆ ಬೋಳು ಮನೆಯನ್ನು ಮೂಲೆಮೂಲೆ ಅಳೆದುಕೊಂಡು ಬಂದರಂತೆ. "ಇನ್ನೇನ್ ಮಾಡ್ಲವ್ವ, ಕೈಯಲ್ಲಿ ಟೇಪಿತ್ತು" ಎಂದಿದ್ದರು ನನಗೆ.

ಆ ಮನೆಯನ್ನೇ ಕಟ್ಟಿದರು. ಜಗುಲಿ, ಕಂಬ, ಅಕ್ಕಿಕಾಳಿನಷ್ಟು ಚಿಲಕ. ಬಾಗಿಲಲ್ಲಿ ನೀಲಿ ಸೀರೆಯ ಐದಂಗುಲದ ಹೆಂಗಸು. ಮುಖ ಮಾತ್ರ ಖಾಲಿ.

"ಎತ್ತರ ಗೊತ್ತು. ಚಿಲಕ ಅವಳ ಭುಜಕ್ಕೆ ಬರ್ತಿತ್ತು. ಮುಖ ಯಾವ ಟೇಪಿಗೂ ಸಿಗಲ್ಲ ಕಣವ್ವ."

ಕಣ್ಣು ಬರೆಯುವರು, ದೀಪ ಹಿಡಿದು ನೋಡುವರು, "ಇವಳಲ್ಲ" ಎನ್ನುವರು. ಮತ್ತೆ ಸರ್, ಸರ್.

ನವರಾತ್ರಿಗೆ ಆ ಮನೆಯನ್ನು ಪ್ರತಿವರ್ಷ ನಮ್ಮ ಗೊಂಬೆಮೆಟ್ಟಿಲಿಗೆ ಕೊಡುತ್ತಿದ್ದರು, ಅವಳನ್ನು ತೆಗೆದಿಟ್ಟುಕೊಂಡು. ನನಗೆ ಒಂಬತ್ತಾದ ವರ್ಷ ಅವರಿಗೆ ಜ್ವರ. ಅಜ್ಜಿಯೇ ಹೋಗಿ ಎತ್ತಿಕೊಂಡು ಬಂದರು. ಬಾಗಿಲಲ್ಲಿ ನಿಂತಿದ್ದ ಅವಳೂ ಜೊತೆಗೆ ಬಂದಳು.

"ಅಯ್ಯೋ, ಕಣ್ಣಿಲ್ಲದ ಗೊಂಬೇನ ಕಳಸದ ಮುಂದೆ ಕೂರಿಸ್ಬಾರ್ದು, ಮನೆಗೆ ಕೇಡು. ಕಾನ್ವೆಂಟಲ್ಲಿ ಡ್ರಾಯಿಂಗ್ ಪ್ರೈಜ್ ತಗೊಂಡೋಳಲ್ವಾ ನೀನು? ಬರೆದ್ಬಿಡೇ" ಎಂದರು ಅಜ್ಜಿ.

ದಸರಾ ರಜಕ್ಕೆ ಮೈಸೂರಿನಿಂದ ಬಂದಿದ್ದ ನನಗೆ ಹೆಮ್ಮೆ. ಹರಳೆಣ್ಣೆಯ ಕಾಡಿಗೆಯಲ್ಲಿ ಕಡ್ಡಿ ಅದ್ದಿ, ನಮ್ಮ ಡ್ರಾಯಿಂಗ್ ಸಿಸ್ಟರ್ ಕಲಿಸಿದಂತೆ ರೆಪ್ಪೆಸಮೇತ ಬರೆದೆ. ವೆರಿ ನೀಟ್ ಎಂದು ನನಗೆ ನಾನೇ ಹೇಳಿಕೊಂಡೆ.

ಸಂಜೆ ಆರತಿಗೆ ತಾತ ಶಾಲು ಹೊದ್ದು ಬಂದರು. ಮೆಟ್ಟಿಲ ಮುಂದೆ ಕೂತು ತುಂಬ ಹೊತ್ತು ನೋಡಿದರು. ನಾನು ಪ್ರೈಜಿಗೆ ಕಾದವಳಂತೆ ನಿಂತಿದ್ದೆ.

"ಇಷ್ಟು ವರ್ಷ ಹತ್ರ ಬಂದು ಬಂದು ತಪ್ಪಿಸ್ಕೊಳ್ತಿದ್ಲು" ಎಂದರು. "ಇನ್ಮೇಲೆ ಕಣ್ಣು ಮುಚ್ಚಿದ್ರೂ ಅವಳವಲ್ಲ, ಇವೇ ಎರಡು ಕಣ್ಣು ಕಾಣೋದು."

ಕಾಡಿಗೆಯ ಎಣ್ಣೆ ಮರದೊಳಕ್ಕೆ ಇಳಿದಿತ್ತು. ಉಜ್ಜಿದಷ್ಟೂ ಆ ಎರಡು ಚುಕ್ಕೆಗಳು ಒಳಗಿನಿಂದ ಮೂಡುತ್ತಿದ್ದವು. ಬೇರೆ ಗೊಂಬೆ ಕೆತ್ತಿ ಎಂದು ಅಜ್ಜಿ ಹೇಳಿನೋಡಿದರು. ಹೊಸ ಮರಕ್ಕೂ ತಮ್ಮ ಕೈ ಇದೇ ಕಣ್ಣು ಬರೆಯುತ್ತದೆ ಎಂದರಂತೆ. ನಾನು ಸಾರಿ ಎಂದು ಇಂಗ್ಲಿಷಿನಲ್ಲಿ ಹೇಳಿದ್ದೆ. ಕನ್ನಡದಲ್ಲಿ ಅದಕ್ಕೆ ಮಾತು ಸಿಕ್ಕಿರಲಿಲ್ಲ, ಈಗಲೂ ಸಿಕ್ಕಿಲ್ಲ.

ಮದುವೆಯಾಗಿ ಊರು ಬಿಡುವ ದಿನ ನಮಸ್ಕಾರ ಮಾಡಲು ಹೋದೆ. ತಾತನ ಎರಡು ಕಣ್ಣಿಗೂ ಪೊರೆ ಬಂದಿತ್ತು. ಜಗುಲಿಯಲ್ಲಿ ಕೂತು ತಡವಿಕೊಂಡು ಅವಳನ್ನೇ ಉಜ್ಜುತ್ತಿದ್ದರು. ಮೂಗು ಸವೆದುಹೋಗಿತ್ತು, ಗಲ್ಲವೂ. ತಲೆ ಹುಣಸೆಬೀಜದಷ್ಟಾಗಿತ್ತು. ಚುಕ್ಕೆಗಳು ಇನ್ನೂ ಇದ್ದವು.

"ಹೋಯ್ತಾ ನೋಡವ್ವ?"

"ಹೋಯ್ತು ತಾತ."

ಹೆಬ್ಬೆರಳಿಂದ ಒಮ್ಮೆ ಸವರಿ ನಕ್ಕರು. "ಸುಳ್ಳು ಹೇಳೋದೂ ಕಾನ್ವೆಂಟಲ್ಲೇ ಕಲಿಸ್ತಾರಾ?"

ಗಾಡಿ ಬೀದಿಯ ತಿರುವು ದಾಟುವವರೆಗೂ ಆ ಸದ್ದು ಕೇಳುತ್ತಿತ್ತು. ಅವರನ್ನು ನಾನು ನೋಡಿದ್ದು ಅದೇ ಕೊನೆ.