‘ಪ್ರಿಯ ಗ್ರಾಹಕರೇ’ ಎಂದಿದ್ದ ಪತ್ರ

ಶುಕ್ರವಾರ ಸಂಜೆ ನಾಲ್ಕು ಗಂಟೆ ಹತ್ತು ನಿಮಿಷ. ಬಿ.ಸಿ. ರೋಡಿನ ಸೈಬರ್ ಕೆಫೆಯವನು ಚೀಟಿಯಲ್ಲಿ ಬರೆದುಕೊಟ್ಟ ಸಮಯ ಅದು. ಗಲ್ಫಿನಲ್ಲಿದ್ದ ಭಾವನ ಮೇಲ್ ನೋಡಲು ಅಕ್ಕ ವಾರಕ್ಕೊಮ್ಮೆ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗುತ್ತಿದ್ದಳು. ಇಂಗ್ಲಿಷ್ ಓದಿ ಹೇಳುವುದು ಬಿ.ಕಾಂ. ಮುಗಿಸಿದ ನನ್ನ ಕೆಲಸ.

ಆ ದಿನ ಮೇಲ್‌ನಲ್ಲಿ ಬ್ಯಾಂಕಿನ ಮುದ್ರೆಯಿದ್ದ ಪತ್ರವೊಂದು ಬಂದಿತ್ತು.

"ಎಂತ ಬರೆದಿದ್ದಾರೆ?"

"ನಾಳೆಯೊಳಗೆ ವಿವರ ಕೊಡದಿದ್ರೆ ಖಾತೆ ಬಂದ್ ಮಾಡ್ತಾರಂತೆ."

"ಅಯ್ಯೋ, ಬೇಗ ಕೊಡು ಮಾರಾಯ. ಅವರು ಊರಿಗೆ ಬರುವ ಹಣ ಅದು."

ಭಾವ ಆ ವರ್ಷ ಕೆಲಸ ಬಿಟ್ಟು ಬಂದು ಕಲ್ಲಡ್ಕದಲ್ಲಿ ಪೈಂಟಿನ ಅಂಗಡಿ ಇಡುವವರಿದ್ದರು. ಉಳಿತಾಯವೆಲ್ಲ ಆ ಒಂದೇ ಖಾತೆಯಲ್ಲಿತ್ತು. ಅಕ್ಕ ಗ್ಯಾಸ್ ಪುಸ್ತಕದ ಹಿಂದೆ ಬರೆದಿಟ್ಟಿದ್ದ, ಖಾತೆ ತೆರೆಯುವ ಮತ್ತು ಹಣ ಕಳಿಸುವ ಎರಡೂ ಪಾಸ್‌ವರ್ಡ್‌ಗಳನ್ನು ಒಂದೊಂದೇ ಅಕ್ಷರವಾಗಿ ಓದಿದಳು. ಪತ್ರದಲ್ಲಿದ್ದ ಲಿಂಕ್ ಒತ್ತಿದಾಗ ತೆರೆದ ಪುಟದಲ್ಲಿ ನಾನು ಟೈಪ್ ಮಾಡಿದೆ.

ಮರುದಿನ ಬೆಳಿಗ್ಗೆ ಪಾಸ್‌ಬುಕ್ ಬರೆಸಲು ಹೋದಾಗ ಬ್ಯಾಂಕಿನ ಕಲ್ಲಡ್ಕ ಶಾಖೆಯಲ್ಲಿ ಅಕ್ಕ ಹೆಮ್ಮೆಯಿಂದಲೇ ಹೇಳಿದಳು, "ನಿಮ್ಮ ಪತ್ರಕ್ಕೆ ನಿನ್ನೆಯೇ ಉತ್ತರ ಕೊಟ್ಟೆವು ಸಾರ್."

ಮ್ಯಾನೇಜರ್ ಪೆನ್ನು ಕೆಳಗಿಟ್ಟರು. "ಯಾವ ಪತ್ರ? ನಿಮ್ಮದೊಂದು ಸಹಿ ಬೇಕಾದ್ರೂ ನಾವು ಬಸ್ಸಿನ ಕಂಡಕ್ಟರ್ ಹತ್ರ ಹೇಳಿ ಕಳಿಸುವುದಲ್ವಾ ಅಮ್ಮ?" ಆಮೇಲೆ ನನ್ನತ್ತ ತಿರುಗಿ, "ನೀನು ಕಾಮರ್ಸ್ ಓದಿದವನಲ್ವಾ?"

ಅವರು ಮುಖ್ಯ ಕಚೇರಿಗೆ ಫೋನ್ ಮಾಡುತ್ತಲೇ ಇದ್ದರು. ಹಣ ಹಿಂದಿನ ಸಂಜೆಯೇ ಬೇರೆ ಖಾತೆಗೆ ಹೋಗಿತ್ತು. ಅಲ್ಲಿಂದ ಯಾರೋ ತೆಗೆದೂ ಆಗಿತ್ತು. "ಇಲ್ಲಿಂದ ನಿಲ್ಲಿಸಲಿಕ್ಕೆ ಆಗುವುದಿಲ್ವಾ?" ಎಂದು ಅಕ್ಕ ಮೂರು ಸಲ ಕೇಳಿದಳು. ಮೂರನೆಯ ಸಲ ಅವರು ದೂರು ಬರೆಯಲು ಒಂದು ಹಾಳೆ ಮುಂದಿಟ್ಟರು. ಶನಿವಾರವಾದ್ದರಿಂದ ಮಧ್ಯಾಹ್ನ ಶಟರ್ ಎಳೆಯುವಾಗಲೂ ನಾವು ಬೆಂಚಿನಲ್ಲೇ ಇದ್ದೆವು.

ದೂರು ಕೊಟ್ಟದ್ದಾಯಿತು, ಬೆಳ್ತಂಗಡಿಯ ವಕೀಲರನ್ನು ಕಂಡದ್ದೂ ಆಯಿತು. ಆ ಪರದೆ ಮಾತ್ರ ಈಗಲೂ ನನ್ನ ಕಣ್ಣೆದುರಿಗೆ ಬರುತ್ತದೆ. ಮೇಲಿನ ವಿಳಾಸದಲ್ಲಿ ಬ್ಯಾಂಕಿನ ಹೆಸರಿನ ಹಿಂದೆ ಗುರುತಿಲ್ಲದ ಇನ್ನೊಂದು ಹೆಸರು ಅಂಟಿಕೊಂಡಿತ್ತು. ನಮ್ಮನ್ನು ಮನೆಯ ಹೆಸರು ಹಿಡಿದು ಕರೆಯುವ ಬ್ಯಾಂಕು ‘ಪ್ರಿಯ ಗ್ರಾಹಕರೇ’ ಎಂದು ಬರೆದಿತ್ತು. ಎರಡನ್ನೂ ನಾನು ಕಂಡಿದ್ದೆ. ಓದಿ, ಅರ್ಥವನ್ನೂ ಹೇಳಿದ್ದೆ.

ಫೋನಿನಲ್ಲಿ ಭಾವ ಬೈಯಲಿಲ್ಲ. "ಇನ್ನೆರಡು ವರ್ಷ ನಿಲ್ತೇನೆ" ಎಂದರು. ಬೈದಿದ್ದರೆ ಒಳ್ಳೆಯದಿತ್ತು.

ಎರಡು ಮೂರಾಯಿತು. ಅಂಗಡಿಯ ಮಾತು ನಿಂತೇಹೋಯಿತು. ಕೊನೆಗೊಂದು ದಿನ ನರೆತ ಗಡ್ಡದ ಭಾವ ಎರಡು ಪೆಟ್ಟಿಗೆಗಳೊಂದಿಗೆ ಬಂದು ಅಕ್ಕನ ಮನೆಯ ಚಾವಡಿಯಲ್ಲೇ ಚಾಪೆ ಹಾಸಿ ಮಲಗಿದರು. ಪಕ್ಕದ ಕೋಣೆಯಲ್ಲಿದ್ದ ನನಗೆ ಅವರ ಗೊರಕೆ ಗೋಡೆಯಾಚೆಯಿಂದ ಕೇಳುತ್ತಿತ್ತು. ಆ ಶುಕ್ರವಾರದ ನಂತರ ಮೊದಲ ಸಲ ಅಂದು ನಾನೂ ಬೆಳಗಿನವರೆಗೆ ಎಚ್ಚರವಾಗದೆ ಮಲಗಿದೆ.